ಕುಸ್ಕೊ ಪ್ರವಾಸಕ್ಕೆ ದಿನಕ್ಕೆ ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಇಬ್ಬರು ಪೆರುವಿನ ಕುಸ್ಕೊದಲ್ಲಿ ಐದು ದಿನ ಇದ್ದು, ಇನ್ಕಾ ಕಾಲದ ಪಾಳುನಗರ ಮಾಚು ಪಿಚುವನ್ನೂ ನೋಡಿ ಬರಲು ದಿನಕ್ಕೆ ಎಷ್ಟು ಬೇಕು ಅಂತ ಕೇಳಿದ್ದೀರಿ. ದಿನದ ಲೆಕ್ಕ ಹಿಡಿದು ಹೊರಟರೆ ಕುಸ್ಕೊ ಅಗ್ಗದ ಊರು ಅನ್ನಿಸುತ್ತೆ, ಆಮೇಲೆ ಕಾರ್ಡಿನ ಬಿಲ್ ಬೇರೆಯದೇ ಕಥೆ ಹೇಳುತ್ತೆ. ಊಟ, ವಸತಿ, ಓಡಾಟಕ್ಕೆ ಒಂದು ಲೆಕ್ಕ ಇಡಿ. ಮಾಚು ಪಿಚುಗೆ ಬೇರೆಯದೇ ಇಡಿ. ನನ್ನ ದುಡ್ಡಿನಲ್ಲಿ ದೊಡ್ಡ ಪಾಲು ಹೋಗಿದ್ದು ಎರಡನೆಯದಕ್ಕೇ.

ಅಲ್ಲಿ ಪ್ರವೇಶದರ ಅಷ್ಟೇನೂ ಭಾರವಲ್ಲ. ವಿದೇಶಿ ವಯಸ್ಕರಿಗೆ 152 ಸೋಲ್ (ಪೆರುವಿನ ಹಣ), ವಾಯ್ನಾ ಪಿಚು ಬೆಟ್ಟವೂ ಸೇರಿದರೆ 200. ಸುಲಿಯುವುದು ದಾರಿ. ಬೆಟ್ಟದ ಬುಡದ ಆಗ್ವಾಸ್ ಕಾಲಿಯೆಂಟೆಸ್‌ಗೆ ಕುಸ್ಕೊದಿಂದ ರಸ್ತೆಯೇ ಇಲ್ಲ, ಒಲ್ಯಾಂತಾಯ್‌ತಂಬೊದಿಂದ ರೈಲು ಹಿಡಿಯಬೇಕು. ದರ ಡಾಲರಿನಲ್ಲಿ, ಒಂದೇ ದಿನದ ರೈಲುಗಳಲ್ಲೂ ಬೇರೆ ಬೇರೆ. ತಲೆಗೆ ಒಂದು ಕಡೆಗೆ 50 ಡಾಲರಿಗಿಂತ ಕಡಿಮೆಗೆ ಸಿಕ್ಕರೆ ಪುಣ್ಯ. ಅಲ್ಲಿಂದ ಮೇಲಕ್ಕೆ ಬಸ್ಸು, ಒಂದು ಕಡೆಗೆ 12 ಡಾಲರ್. ಹತ್ತುವಾಗ ಬಸ್ಸು, ಇಳಿಯುವಾಗ ಮೆಟ್ಟಿಲು ಅಂತ ಮಾಡಿಕೊಂಡರೆ ಅರ್ಧ ಉಳಿಯುತ್ತೆ. ರೈಲು ಬೇಡವೆಂದರೆ ಹಿದ್ರೋಎಲೆಕ್ಟ್ರಿಕಾ ಅನ್ನುವ ಜಲವಿದ್ಯುತ್ ಕೇಂದ್ರದವರೆಗೆ ಆರೇಳು ಗಂಟೆ ವ್ಯಾನಿನಲ್ಲಿ ಹೋಗಿ, ಹಳಿ ಪಕ್ಕ ಸುಮಾರು 10 ಕಿ.ಮೀ. ನಡೆಯುವವರೂ ಇದ್ದಾರೆ. ಐದೇ ದಿನ ಇರುವವರಿಗೆ ನಾನಿದನ್ನು ಹೇಳುವುದಿಲ್ಲ, ಮಳೆಗಾಲದಲ್ಲಂತೂ ಬೇಡವೇ ಬೇಡ.

ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಲಿಮಾದಿಂದ ವಿಮಾನದಲ್ಲಿ ಇಳಿದ ದಿನವೇ ಟೂರ್ ಬುಕ್ ಮಾಡಿದರೆ, ತಲೆನೋವು ಹಿಡಿದು ಹೋಟೆಲಿನಲ್ಲೇ ಮಲಗಿ ಆ ದುಡ್ಡನ್ನು ಕಳೆದುಕೊಳ್ಳಬೇಕಾದೀತು. ಇಳಿದವರೇ ನೇರ ಒಲ್ಯಾಂತಾಯ್‌ತಂಬೊಗೆ ಹೋಗಿ. ಅದು ಸುಮಾರು 2,800 ಮೀಟರ್, ಉಸಿರಾಟ ಸಲೀಸು. ರೈಲು ಹೊರಡುವುದೂ ಅಲ್ಲಿಂದಲೇ ಆದ್ದರಿಂದ ನಸುಕಿನಲ್ಲಿ ಕುಸ್ಕೊದಿಂದ ಟ್ಯಾಕ್ಸಿ ಮಾಡುವ ಖರ್ಚಿಲ್ಲ. ಮಾಚು ಪಿಚು ಮುಗಿಸಿ ಕೊನೆಗೆ ಕುಸ್ಕೊಗೆ ಬನ್ನಿ. ಊರಿಂದೂರಿಗೆ ಕೊಲೆಕ್ತಿವೊ ಅನ್ನುವ ಶೇರ್ ವ್ಯಾನುಗಳಿವೆ. ಸೀಟು ತುಂಬಿದ ಮೇಲೇ ಹೊರಡುತ್ತವೆ, ಟ್ಯಾಕ್ಸಿಗೆ ಹೋಲಿಸಿದರೆ ತೀರಾ ಕಡಿಮೆ ದುಡ್ಡು.

ಇನ್ಕಾ ಅವಶೇಷಗಳಿಗೆ ಬೊಲೆತೊ ತುರಿಸ್ತಿಕೊ ಅನ್ನುವ ಒಟ್ಟು ಟಿಕೆಟ್ ಇದೆ: 130 ಸೋಲ್, 10 ದಿನ ನಡೆಯುತ್ತೆ. ಪಿಸಾಕ್, ಒಲ್ಯಾಂತಾಯ್‌ತಂಬೊ, ಚಿಂಚೆರೊ, ಮೊರಾಯ್ ಮಾತ್ರ ಸಾಕೆಂದರೆ 70 ಸೋಲ್‌ನ ಎರಡು ದಿನದ ಟಿಕೆಟ್ ತಗೊಳ್ಳಿ. ಸಾಕ್ಸಾಯ್‌ವಾಮನ್ ಕೋಟೆಯೂ ಬೇಕಾದರೆ ಅದಕ್ಕೆ ಇನ್ನೊಂದು 70, ಅಲ್ಲಿಗೆ ಪೂರ್ತಿ ಟಿಕೆಟ್ಟೇ ಅಗ್ಗ. ಕೊರಿಕಾಂಚಾ ದೇಗುಲ, ಕ್ಯಾಥೆಡ್ರಲ್, ಮರಾಸ್ ಉಪ್ಪಿನ ಗದ್ದೆಗಳು ಇದರಲ್ಲಿ ಬರುವುದಿಲ್ಲ, ಪ್ರತ್ಯೇಕ ಕೊಡಬೇಕು.

ಊಟಕ್ಕೆ ಹೆದರಬೇಡಿ. ಪ್ಲಾಸಾ ದೆ ಆರ್ಮಾಸ್ ಚೌಕದ ಬಾಲ್ಕನಿ ಹೋಟೆಲುಗಳನ್ನು ಬಿಟ್ಟು ಎರಡು ಬೀದಿ ಒಳಗೆ ಹೋದರೆ ಮಧ್ಯಾಹ್ನ 'ಮೆನು ದೆಲ್ ದಿಯಾ' ಸಿಗುತ್ತೆ: ಸೂಪು, ಒಂದು ಮುಖ್ಯ ತಿನಿಸು, ಕುಡಿಯಲು ಏನಾದರೂ. ಸಾನ್ ಪೆದ್ರೊ ಮಾರುಕಟ್ಟೆಯಲ್ಲೂ ಹೊಟ್ಟೆ ತುಂಬುತ್ತೆ. ಸಸ್ಯಾಹಾರಿಗಳಾದರೆ ಸೂಪಿನ ಬಗ್ಗೆ ಕೇಳಿಯೇ ತಗೊಳ್ಳಿ, ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುವುದೇ ಹೆಚ್ಚು.

ಹೋಟೆಲಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ವಿದೇಶಿ ಪ್ರವಾಸಿಗರ ಕೋಣೆ ಬಾಡಿಗೆಗೆ ಐಜಿವಿ ಅನ್ನುವ ಮಾರಾಟ ತೆರಿಗೆಯಿಂದ ವಿನಾಯಿತಿ ಇದೆ. ಜೂನ್ 24ರ ಇಂತಿ ರಾಯ್ಮಿ ಹಬ್ಬದ ಆಸುಪಾಸಿನಲ್ಲಿ ಹೋಗುವುದಾದರೆ ವಸತಿಯ ದರ ಏರಿರುತ್ತೆ, ಆ ವಾರ ತಪ್ಪಿಸಿ. ಮೊದಲು ಮಾಚು ಪಿಚು ಟಿಕೆಟ್ ಖಾತ್ರಿ ಮಾಡಿಕೊಳ್ಳಿ, ಆ ಸಮಯ ನೋಡಿ ರೈಲು, ಅದಾದ ಮೇಲೆ ಹೋಟೆಲು.