ತಲೆಬರಹ ನಂಬಿದವನ ಗತಿ ಏನಾಯಿತು?

ಪ್ರಿಯರೇ,

‘ಹಳೆಯ ಪತ್ರಿಕೆ, ಹೊಸ ನಗು’ ಎಂಬ ನಿಮ್ಮ ಹಾಸ್ಯಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ, ಏಕೆಂದರೆ ನೀವು ಹಿಡಿದಿರುವ ವಸ್ತು ಬಹಳ ಒಳ್ಳೆಯದು. ಪತ್ರಿಕೆಗಳು ಹಿಂದೆ ಎಡವಿದ ತಲೆಬರಹಗಳನ್ನು ಹೆಕ್ಕಿ, ಅವನ್ನು ಜನ ಅಕ್ಷರಶಃ ನಂಬಿಬಿಟ್ಟಿದ್ದರೆ ಏನೇನಾಗುತ್ತಿತ್ತು ಎಂದು ಕಲ್ಪಿಸುವುದು ನನಗೆ ತೀರಾ ಇಷ್ಟದ ಆಟ. ಹಾಗಾಗಿಯೇ ನಿಮ್ಮ ಲೇಖನದ ಮೇಲೆ ಸಿಟ್ಟೂ ಬಂತು. ಹದಿನಾಲ್ಕು ತಲೆಬರಹಗಳನ್ನು ಒಂದೇ ಲೇಖನಕ್ಕೆ ತುರುಕಿ, ಪ್ರತಿಯೊಂದಕ್ಕೂ ಮೂರು ಸಾಲಿನ ಚಟಾಕಿ ಹಾರಿಸಿ ಮುಂದೆ ಓಡಿದ್ದೀರಿ.

ನಿಮ್ಮ ಮೊದಲ ಉದಾಹರಣೆಯನ್ನೇ ನೋಡೋಣ. 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹ್ಯಾರಿ ಟ್ರೂಮನ್ ಸೋತು ಥಾಮಸ್ ಡ್ಯೂಯಿ ಗೆದ್ದರೆಂದು ‘ಷಿಕಾಗೋ ಡೈಲಿ ಟ್ರಿಬ್ಯೂನ್’ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಸಾರಿತು. ಗೆದ್ದವರು ಟ್ರೂಮನ್. ನೀವು ಕಲ್ಪಿಸಿದ ಪರಿಣಾಮ: ಡ್ಯೂಯಿ ಶ್ವೇತಭವನಕ್ಕೆ ನುಗ್ಗಿದರು, ಅಷ್ಟರಲ್ಲಿ ಅನ್ಯಗ್ರಹದವರು ಇಳಿದು ಇಬ್ಬರನ್ನೂ ಹೊತ್ತೊಯ್ದರು. ಆ ತಲೆಬರಹಕ್ಕೂ ಅನ್ಯಗ್ರಹದವರಿಗೂ ಇರುವುದು ಬರೀ ಬಾದರಾಯಣ ಸಂಬಂಧ. ಯಾವ ತಲೆಬರಹದ ಕೆಳಗಾದರೂ ಅಂಟಿಸಬಹುದಾದ ಪರಿಣಾಮ ಯಾವ ತಲೆಬರಹಕ್ಕೂ ಸೇರಿದ್ದಲ್ಲ.

ಆ ತಪ್ಪು ಹೇಗಾಯಿತೆಂಬುದನ್ನು ನೀವು ಹೇಳಲೇ ಇಲ್ಲ. ಅಚ್ಚುಮೊಳೆ ಜೋಡಿಸುವವರು ಮುಷ್ಕರದಲ್ಲಿದ್ದರು. ಪತ್ರಿಕೆಯ ಮೊದಲ ಆವೃತ್ತಿ ಮಾಮೂಲಿಗಿಂತ ಕೆಲವು ಗಂಟೆ ಮೊದಲೇ ಅಚ್ಚಿಗೆ ಹೋಗಬೇಕಿತ್ತು, ಮತ ಎಣಿಕೆಯೋ ಇನ್ನೂ ನಡೆಯುತ್ತಲೇ ಇತ್ತು. ಸಮೀಕ್ಷೆಗಳೆಲ್ಲ ಡ್ಯೂಯಿಯವರತ್ತ ಬೆರಳು ತೋರಿಸುತ್ತಿದ್ದವು. ಪತ್ರಿಕೆ ಅದನ್ನೇ ನಂಬಿ ತಲೆಬರಹ ಕಟ್ಟಿತು. ಆಮೇಲೆ ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ರೈಲಿನ ಹಿಂಬದಿಯ ಕಟ್ಟೆಯ ಮೇಲೆ ನಿಂತ ಟ್ರೂಮನ್ ಅದೇ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಲ್ಲೆಲ್ಲ ಕಾಣುವಂತೆ ನಕ್ಕರು. ಆ ಛಾಯಾಚಿತ್ರ ಇಂದಿಗೂ ಜೀವಂತ.

ಇಷ್ಟು ಸಾಮಗ್ರಿ ಕೈಯಲ್ಲಿರುವಾಗ ಆಕಾಶದ ಕಡೆ ನೋಡುವುದೇಕೆ? ಆ ತಲೆಬರಹವನ್ನು ನಂಬಿದ ಒಬ್ಬನೇ ಒಬ್ಬ ಮನುಷ್ಯನನ್ನು ಹಿಡಿಯಿರಿ. ಸಣ್ಣ ಊರಿನ ಒಬ್ಬ ಪಕ್ಷದ ಕಾರ್ಯಕರ್ತ ಎಂದುಕೊಳ್ಳಿ. ಬೆಳಿಗ್ಗೆ ಪತ್ರಿಕೆ ನೋಡಿದವನೇ ಡ್ಯೂಯಿಯವರಿಗೆ ಅಭಿನಂದನೆಯ ತಂತಿ ಕಳಿಸುತ್ತಾನೆ. ಬೆನ್ನಿಗೇ ಒಂದು ಹುದ್ದೆ ಬೇಡಿ ಅರ್ಜಿ ಹಾಕುತ್ತಾನೆ; ಟ್ರೂಮನ್‌ರಂಥ ಅಯೋಗ್ಯರನ್ನು ತಾನೆಂದೂ ಬೆಂಬಲಿಸಿಲ್ಲವೆಂದು ಅದರಲ್ಲಿ ಒತ್ತಿ ಬರೆಯುತ್ತಾನೆ. ಮಧ್ಯಾಹ್ನ ನಿಜಸಂಗತಿ ತಿಳಿದಾಗ ಅಂಚೆ ಕಚೇರಿಗೆ ಓಡುತ್ತಾನೆ. ಅರ್ಜಿ ಇನ್ನೂ ಚೀಲದಲ್ಲಿದೆ, ಆದರೆ ಅಂಚೆಯವನು ನಿಯಮ ಬಿಡುವುದಿಲ್ಲ. ಕೊನೆಗೆ ಅಲ್ಲೇ ಕುಳಿತು ಅದೇ ಅರ್ಜಿಯನ್ನು, ಇಬ್ಬರ ಹೆಸರುಗಳನ್ನು ಮಾತ್ರ ಅದಲುಬದಲು ಮಾಡಿ, ಟ್ರೂಮನ್‌ರಿಗೆ ಬರೆಯುತ್ತಾನೆ. ಇಲ್ಲಿ ಪ್ರತಿ ಹೆಜ್ಜೆಯೂ ತಲೆಬರಹದಿಂದಲೇ ಹುಟ್ಟಿದೆ. ನನಗೆ ತೋಚಿದ್ದು ಇದು. ನಿಮಗೆ ಇದಕ್ಕಿಂತ ಚೆನ್ನಾಗಿರುವುದು ತೋಚೀತು.

ಟೈಟಾನಿಕ್ ಭಾಗವನ್ನು ದಯವಿಟ್ಟು ಪೂರ್ತಿ ತೆಗೆಯಿರಿ. 1912ರ ಏಪ್ರಿಲ್ 15ರಂದು ನ್ಯೂಯಾರ್ಕಿನ ‘ಈವ್ನಿಂಗ್ ಸನ್’ ಎಲ್ಲರೂ ಪಾರಾದರೆಂದು ಬರೆದದ್ದು ನಿಜ. ಬದುಕುಳಿದವರೆಲ್ಲ ಟಿಕೆಟ್ ಹಣ ವಾಪಸು ಕೇಳಲು ಸಾಲುಗಟ್ಟಿದರೆಂದು ನೀವು ನಗಿಸಹೊರಟಿದ್ದೀರಿ. ಸತ್ತವರು ಸುಮಾರು 1,500 ಮಂದಿ. ಆ ಸುದ್ದಿಯಿಂದ ನಿರಾಳವಾದ ಮನೆಮಂದಿಗೆ ಆಮೇಲೆ ಏನಾಯಿತೆಂಬುದನ್ನು ಕಲ್ಪಿಸಬೇಕಿಲ್ಲ. ಅಲ್ಲಿ ನಗು ಹುಡುಕುವುದು ನನ್ನಿಂದಾಗದು, ನಮ್ಮ ಪುಟಗಳಲ್ಲಿ ಅದಕ್ಕೆ ಜಾಗವೂ ಇಲ್ಲ.

1835ರಲ್ಲಿ ‘ಸನ್’ ಪತ್ರಿಕೆ ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರಿದ್ದಾರೆಂದು ಬರೆದ ಪ್ರಸಂಗವನ್ನೂ ಬಿಡಿ. ಅದು ಬೇಕೆಂದೇ ಕಟ್ಟಿದ ಕತೆ. ತನ್ನ ಮಾತನ್ನು ತಾನೇ ಮನಸಾರೆ ನಂಬಿದ ಪತ್ರಿಕೆಯ ಎಡವಟ್ಟಿನ ಪಕ್ಕದಲ್ಲಿ ಅದು ಸಪ್ಪೆಯಾಗುತ್ತದೆ.

ವಿಮಾನದ ಭಾಗದಲ್ಲಿ ಇಸವಿ, ತಾರೀಖು ಸರಿಪಡಿಸಿ. ‘ಮನುಷ್ಯ ಹಾರಲಾರ ಎಂದು ಪತ್ರಿಕೆ ಬರೆದ ಮರುದಿನವೇ ವಿಮಾನ ಹಾರಿತು’ ಎಂದಿದ್ದೀರಿ. ಹಾರುವ ಯಂತ್ರಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತೆಂದು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯ ಬರೆದದ್ದು 1903ರ ಅಕ್ಟೋಬರ್ 9ರಂದು. ರೈಟ್ ಸಹೋದರರ ಯಂತ್ರ 12 ಸೆಕೆಂಡು ಹಾರಿದ್ದು ಡಿಸೆಂಬರ್ 17ರಂದು. ಕೋಟಿ ವರ್ಷದ ಗಡುವು ಎರಡು ತಿಂಗಳು ಚಿಲ್ಲರೆ ದಿನಗಳಲ್ಲಿ ಮುಗಿಯಿತೆಂಬ ಸತ್ಯವೇ ನಿಮ್ಮ ಉತ್ಪ್ರೇಕ್ಷೆಗಿಂತ ಹೆಚ್ಚು ನಗಿಸುತ್ತದೆ.

ಈಗ ನಿಮ್ಮ ಹನ್ನೊಂದನೆಯ ತುಣುಕಿಗೆ ಬರುತ್ತೇನೆ. ಈ ಪತ್ರ ಬರೆಯಲು ಕಾರಣವೇ ಅದು. ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡುತ್ತದೆಂಬ ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರ ವಾದವನ್ನು ಅದೇ ‘ಟೈಮ್ಸ್’ 1920ರ ಜನವರಿಯಲ್ಲಿ ಗೇಲಿ ಮಾಡಿತ್ತು. ತಿದ್ದುಪಡಿ ಬಂದದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ. ನೀವು ಅಲ್ಲಿ ಒಬ್ಬ ಗುಮಾಸ್ತನನ್ನು ತಂದಿದ್ದೀರಿ: ‘ತಿದ್ದುಪಡಿ ಬಾಕಿ’ ಎಂದು ಬರೆದ ಕಡತವನ್ನು ದಿನವೂ ಧೂಳು ಕೊಡವಿ ಮೇಜಿನ ಮೇಲಿಡುವವನು, ನಿವೃತ್ತಿಯ ದಿನ ಅದನ್ನು ಮಗನ ಕೈಗೊಪ್ಪಿಸಿ, ‘ಅವಸರ ಮಾಡಬೇಡ’ ಎನ್ನುವವನು. ಓದಿ ಜೋರಾಗಿ ನಕ್ಕೆ. ಇಡೀ ಲೇಖನದಲ್ಲಿ ಹೆಸರು, ಮೇಜು, ಮನೆ ಇರುವ ಮನುಷ್ಯ ಇವನೊಬ್ಬನೇ. ಇವನನ್ನೂ ನಾಲ್ಕು ಸಾಲಿಗೆ ಮುಗಿಸಿಬಿಟ್ಟಿದ್ದೀರಿ!

ಗೊಡಾರ್ಡ್ 1945ರಲ್ಲೇ ತೀರಿಕೊಂಡರು, ಆ ತಿದ್ದುಪಡಿಯನ್ನು ಅವರು ನೋಡಲಿಲ್ಲ. ಅವರ ಸಾವಿನ ಸುದ್ದಿ ಬಂದ ದಿನ ನಿಮ್ಮ ಗುಮಾಸ್ತ ಆ ಕಡತವನ್ನು ಏನು ಮಾಡಿದ? ಮುಚ್ಚಿದನೇ, ಮತ್ತೆ ಕಪಾಟಿನಲ್ಲಿಟ್ಟನೇ? ಅದನ್ನು ಬರೆಯಬಲ್ಲವರು ನೀವೇ. ಉಳಿದ ಹದಿಮೂರನ್ನು ಬದಿಗಿಡಿ. ಬೇಕಿದ್ದರೆ ಡ್ಯೂಯಿ ಪ್ರಸಂಗ ಬೇರೆ ಲೇಖನವಾಗಲಿ. ಗುಮಾಸ್ತನ ಕತೆಯನ್ನು 1920ರ ಆ ಬೆಳಿಗ್ಗೆಯಿಂದ ಶುರುಮಾಡಿ ಸಾವಿರ ಪದಗಳಷ್ಟು ಬರೆದು ನೇರವಾಗಿ ನನ್ನ ಹೆಸರಿಗೇ ಕಳಿಸಿ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ