ಪ್ರಿಂಟರ್ ಕೆಟ್ಟರೆ ಅಂಗಡಿಗೆ ಕಳಿಸಿ, ಫೋನ್ ಬಂದರೆ ಎತ್ತಿಕೊಳ್ಳಿ

ಜೆ.ಪಿ. ನಗರದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿದರೆ ನೆಂಟರು ಓದಿಬಿಡುತ್ತಾರಂತೆ. ಬೆಳ್ಳಂದೂರು ಕಡೆ ಸಾಫ್ಟ್‌ವೇರ್ ಕೆಲಸ. ಅಮೆರಿಕದ ವಿಮಾ ಕಂಪನಿಯೊಂದಕ್ಕೆ ಜಾವಾದಲ್ಲಿ ಕೋಡ್ ಬರೆಯುತ್ತಾರೆ. ಪತ್ರದ ಸಾರ ಇಷ್ಟು: "ವಾರವೆಲ್ಲ ಕಂಪನಿ ಕಂಪ್ಯೂಟರ್, ಭಾನುವಾರ ನೆಂಟರ ಕಂಪ್ಯೂಟರ್. ಗೃಹಪ್ರವೇಶಕ್ಕೆ ಹೋದರೆ ಊಟ ಮುಗಿದು ಕೈ ತೊಳೆಯುವುದರೊಳಗೆ ಯಾರೋ ಲ್ಯಾಪ್‌ಟಾಪ್ ತಂದು, 'ಸ್ವಲ್ಪ ನೋಡಪ್ಪಾ, ತುಂಬಾ ಸ್ಲೋ ಆಗಿದೆ' ಅನ್ನುತ್ತಾರೆ. ಮನೆ ಓನರ್‌ಗೆ ಪ್ರಿಂಟರ್, ದೊಡ್ಡಪ್ಪನಿಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಫೈಲು, ಅಮ್ಮನ ಗೆಳತಿಯರಿಗೆ ಫೋನು. ಷಡ್ಡಕರಿಗೆ ಒಂದು ಆ್ಯಪ್ ಬೇಕಂತೆ. ದುಡ್ಡು ಕೇಳಿದರೆ ಕೆಟ್ಟವನಾಗುತ್ತೇನೆ. ಆಗಲ್ಲ ಅಂದರೆ ಜಂಬ ಅನ್ನುತ್ತಾರೆ. ಏನು ಮಾಡಲಿ?"

ನಮಸ್ಕಾರ. ನಿಮ್ಮ ಪತ್ರವನ್ನು ಆಫೀಸಿನಲ್ಲಿ ಜೋರಾಗಿ ಓದಿದೆವು. ಎಲ್ಲರೂ ನಕ್ಕರು. ನಿಮ್ಮ ಕಷ್ಟಕ್ಕಲ್ಲ. ಇಲ್ಲಿ ಅರ್ಧ ಜನ ಲ್ಯಾಪ್‌ಟಾಪ್ ತಂದು ಕೊಡುವ ಪಾರ್ಟಿಯವರೇ. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಸಮಯ ಹಾಳಾಗುವುದರ ಬಗ್ಗೆ ಬರೆದಿದ್ದೀರಿ, ದುಡ್ಡಿನ ಬಗ್ಗೆ ಬರೆದಿದ್ದೀರಿ. ಆದರೆ ಈ ಕೆಲಸ ನಿಮಗೆ ಬರುತ್ತದಾ ಅನ್ನುವುದನ್ನು ಮಾತ್ರ ಬರೆದಿಲ್ಲ. ನಿಜ ಹೇಳಿ, ಆಫೀಸಿನಲ್ಲಿ ನಿಮ್ಮದೇ ಲ್ಯಾಪ್‌ಟಾಪ್ ಕೈಕೊಟ್ಟರೆ ಏನು ಮಾಡುತ್ತೀರಿ? ಐಟಿ ಸಪೋರ್ಟ್‌ಗೆ ಟಿಕೆಟ್ ಹಾಕಿ ಕಾಯುತ್ತೀರಿ. ಎಷ್ಟೋ ಕಂಪನಿಗಳಲ್ಲಿ ಇಂಜಿನಿಯರ್‌ಗಳಿಗೆ ತಮ್ಮ ಯಂತ್ರದ ಅಡ್ಮಿನ್ ಪಾಸ್‌ವರ್ಡೇ ಕೊಡುವುದಿಲ್ಲ. ಪ್ರಿಂಟರ್ ಹತ್ತಿರ ನಿಂತು ಪೇಪರ್ ಯಾವ ಕಡೆಯಿಂದ ಹಾಕಬೇಕು ಅಂತ ಹೌಸ್‌ಕೀಪಿಂಗ್ ಹುಡುಗನನ್ನು ಕೇಳುವ ಇಂಜಿನಿಯರ್‌ಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇಂಜಿನ್ ಡಿಸೈನ್ ಮಾಡುವವರನ್ನು ಹಿಡಿದು ಪಂಕ್ಚರ್ ಹಾಕಿಸಿದಂತೆ ಇದು. ಅವರೂ ಹಾಕಬಲ್ಲರು, ಆದರೆ ಟ್ಯೂಬು ಇನ್ನೆರಡು ಕಡೆ ಹರಿದಿರುತ್ತದೆ.

ನೆಂಟರ ತಪ್ಪೂ ಪೂರ್ತಿ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಅಮೆರಿಕದ ಚಿಪ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದಾಗ ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಅನ್ನುವ ವಸ್ತುವೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಬಂತು. ಅದೂ ಹೇಗೆ? ಎಸ್.ಪಿ. ರೋಡಿಗೆ ಹೋಗಿ ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ ಕೊಂಡು, ಆಟೋದಲ್ಲಿ ಮಾನಿಟರನ್ನು ತೊಡೆ ಮೇಲೆ ಇಟ್ಟುಕೊಂಡು ತಂದು ಜೋಡಿಸಿದ್ದು. ಆಗ ಮನೆತನಕ್ಕೊಬ್ಬ ಕಂಪ್ಯೂಟರ್ ಹುಡುಗ ಇರುತ್ತಿದ್ದ. ಅವನಿಗೆ ನಿಜವಾಗಿಯೂ ಎಲ್ಲ ಬರುತ್ತಿತ್ತು. ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕುತ್ತಿದ್ದ, ವಿಂಡೋಸ್ ಹಾಕುತ್ತಿದ್ದ, ಪ್ರೋಗ್ರಾಮೂ ಬರೆಯುತ್ತಿದ್ದ. ಆಮೇಲೆ ಆ ಕೆಲಸ ಹತ್ತಿಪ್ಪತ್ತು ಕವಲಾಗಿ ಒಡೆಯಿತು. ನಿಮ್ಮ ದೊಡ್ಡಪ್ಪನ ತಲೆಯಲ್ಲಿ ಮಾತ್ರ ಇನ್ನೂ ಆ ಹುಡುಗನೇ ಇದ್ದಾನೆ. ನೀವು ಅವನ ಜಾಗದಲ್ಲಿ ಕೂತಿದ್ದೀರಿ, ಅಷ್ಟೇ.

ಈಗ ಆ ಗೃಹಪ್ರವೇಶದ ಲ್ಯಾಪ್‌ಟಾಪ್ ವಿಷಯಕ್ಕೆ ಬರೋಣ. 2016ರಲ್ಲಿ ಕೊಂಡಿದ್ದು ಅಂತ ಬರೆದಿದ್ದೀರಿ. ಅಂದರೆ ಒಳಗಿರುವುದು ಬಹುಶಃ ನಿಮಿಷಕ್ಕೆ 5400 ಸುತ್ತು ತಿರುಗುವ ಹಳೇ ಹಾರ್ಡ್ ಡಿಸ್ಕ್. ನೀವು ಎರಡು ಗಂಟೆ ಕೂತು ಟೆಂಪ್ ಫೈಲ್ ಅಳಿಸಿ, ಸ್ಟಾರ್ಟಪ್ ಆ್ಯಪ್‌ಗಳನ್ನು ನಿಲ್ಲಿಸಿದರೆ ಅದಕ್ಕೆ ಒಂದು ವಾರದ ಜೀವ ಬರುತ್ತದೆ. ಆ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿದರೆ ಮಾತ್ರ ನಿಜವಾದ ವ್ಯತ್ಯಾಸ. ಅಷ್ಟಕ್ಕೂ ಮುಗಿಯಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರ ಯಂತ್ರದಲ್ಲಿ ಅದು ಇರುವುದಿಲ್ಲ. ಇದನ್ನೆಲ್ಲ ಹೋಳಿಗೆ ಊಟದ ಮೇಲೆ, ಅರ್ಧ ನಿದ್ದೆಯಲ್ಲಿ, ಸೋಫಾದ ತುದಿಯಲ್ಲಿ ಕೂತು ಬಗೆಹರಿಸಲು ಆಗುತ್ತದಾ?

ಎಸ್.ಪಿ. ರೋಡಿನ ಹುಡುಗ ಬಗೆಹರಿಸುತ್ತಾನೆ. ಅಷ್ಟು ದೂರವೇಕೆ, ನಿಮ್ಮ ಏರಿಯಾದಲ್ಲೇ ಒಂದು ರಿಪೇರಿ ಅಂಗಡಿ ಇರುತ್ತದೆ. ಅವನು ದಿನಾ ನಾಲ್ಕಾರು ಲ್ಯಾಪ್‌ಟಾಪ್ ಬಿಚ್ಚುತ್ತಾನೆ. ಯಾವ ಮಾಡೆಲ್‌ನಲ್ಲಿ ಹಿಂಜ್ ಮುರಿಯುತ್ತದೆ, ಯಾವುದರಲ್ಲಿ ಕೀಬೋರ್ಡ್ ತೆಗೆಯದೆ ಡಿಸ್ಕ್ ಬದಲಾಯಿಸಬಹುದು, ಎಲ್ಲ ಬಾಯಿಪಾಠ. ನಿಮಗಿಂತ ಚೆನ್ನಾಗಿ ಮಾಡುತ್ತಾನೆ, ಬೇಗ ಮಾಡುತ್ತಾನೆ, ಅದರಿಂದಲೇ ಅಂಗಡಿ ಬಾಡಿಗೆ ಕಟ್ಟುತ್ತಾನೆ. ಪುಕ್ಕಟೆ ರಿಪೇರಿಯ ಬಗ್ಗೆ ಮಾತಾಡುವಾಗ ನಾವು ಇಂಜಿನಿಯರ್ ಭಾನುವಾರದ ಬಗ್ಗೆ ಮಾತ್ರ ಮರುಗುತ್ತೇವೆ. ಈ ಹುಡುಗನ ಗಿರಾಕಿ ತಪ್ಪಿದ್ದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೇ: "ಅತ್ತೆ, ಇದಕ್ಕೆ ಎಸ್‌ಎಸ್‌ಡಿ ಹಾಕಿಸಬೇಕು. ನಂಬರ್ ಕಳಿಸ್ತೀನಿ, ನನ್ನ ಹೆಸರು ಹೇಳಿ." ಇದು ಜಂಬ ಅಲ್ಲ. ಒಳ್ಳೆಯ ಅಂಗಡಿ ತೋರಿಸುವುದೂ ಸಹಾಯವೇ.

ಇನ್ನೊಂದು ವಿಷಯ ನಿಮಗೆ ಅನುಭವದಿಂದಲೇ ಗೊತ್ತಿರುತ್ತದೆ. ಒಂದು ಸಲ ಕೈ ಇಟ್ಟರೆ ಮುಗಿಯಿತು, ಆ ಯಂತ್ರ ನಿಮ್ಮದು. "ನೀನು ಬಂದು ಹೋದಾಗಿನಿಂದ ಸೌಂಡ್ ಬರ್ತಿಲ್ಲ ಕಣೋ." ಅಂಗಡಿಯವನಿಗೆ ಈ ಮಾತು ಯಾರೂ ಹೇಳುವುದಿಲ್ಲ. ಅವನಿಗೆ ದುಡ್ಡು ಕೊಟ್ಟಿರುತ್ತಾರೆ, ಆ ದಿನಕ್ಕೆ ಆ ಲೆಕ್ಕ ಚುಕ್ತಾ.

ಕ್ರ್ಯಾಕ್ ಮಾಡಿದ ವಿಂಡೋಸ್, ಆಫೀಸ್ ಹಾಕಿಕೊಡು ಅಂದರೆ ಒಂದೇ ಮಾತು: ಇಲ್ಲ. ಕಾಪಿರೈಟ್ ಕಾಯ್ದೆಯ 63ಬಿ ಕಲಂನಲ್ಲಿ, ನಕಲಿ ಎಂದು ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ಕೋರ್ಟು ಸಡಿಲ ಬಿಡಬಹುದು. ಆದರೆ ಆ ಕ್ರ್ಯಾಕ್ ಫೈಲಿನ ಜೊತೆ ಏನೇನು ಒಳಗೆ ಬರುತ್ತದೆ ಅನ್ನುವುದು ನಿಮಗೇ ಗೊತ್ತು. ಅದೇ ಲ್ಯಾಪ್‌ಟಾಪ್‌ನಲ್ಲಿ ಮಾವನವರು ನೆಟ್ ಬ್ಯಾಂಕಿಂಗ್ ಮಾಡುತ್ತಾರೆ. ಪತ್ರ ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್ ಪುಕ್ಕಟೆಯಾಗಿ ಸಿಗುತ್ತದೆ.

ದೊಡ್ಡಪ್ಪನ ನುಡಿ ಫೈಲಿನ ವಿಷಯದಲ್ಲಿ ನಮಗೆ ನಿಮಗಿಂತ ಅನುಭವ ಜಾಸ್ತಿ. ಹಳೇ ಫೈಲನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ತಲೆ ಮೇಲೆ ಗೀಟು, ಚುಕ್ಕಿ, ಟೊಪ್ಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ವೈರಸ್ ಅಲ್ಲ. ಹಳೇ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೂ ನಮ್ಮ ಆಫೀಸಿಗೆ ಇಂದಿಗೂ ಹೀಗೆ ಟೊಪ್ಪಿ ಹಾಕಿಕೊಂಡ ಕಥೆಗಳು ಬರುತ್ತಲೇ ಇರುತ್ತವೆ. ಪರಿವರ್ತಕ ತಂತ್ರಾಂಶಕ್ಕೆ ಹಾಕಿದರೆ ಯೂನಿಕೋಡ್ ಆಗುತ್ತದೆ. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಜಾರಿರುತ್ತವೆ, ಕೂತು ತಿದ್ದಬೇಕು. ಇದನ್ನು ಜಾವಾ ಬಲ್ಲವರಿಗಿಂತ ಲಗ್ನಪತ್ರಿಕೆ ಟೈಪ್ ಮಾಡುವ ಡಿಟಿಪಿ ಅಂಗಡಿಯವರು ಚೆನ್ನಾಗಿ ಮಾಡುತ್ತಾರೆ. ದೊಡ್ಡಪ್ಪ ಬರೆದದ್ದು ಚೆನ್ನಾಗಿದ್ದರೆ ಸುಮ್ನೆ ನಮಗೇ ಕಳಿಸಿ, ಓದಿ ನೋಡುತ್ತೇವೆ.

ಮನೆ ಓನರ್ ಪ್ರಿಂಟರ್ ಬಗ್ಗೆ ನಾವು ಏನೂ ಹೇಳುವುದಿಲ್ಲ. ಅಡ್ವಾನ್ಸ್ ಅವರ ಹತ್ತಿರ ಇದೆ, ಹನ್ನೊಂದು ತಿಂಗಳ ಕರಾರು ಮತ್ತೆ ಬರೆಸಬೇಕು. ಹೋಗಿ ನೋಡಿ ಬನ್ನಿ.

ದುಡ್ಡು ಕೇಳಬಹುದಾ ಅಂತ ಕೇಳಿದ್ದೀರಿ. ನೆಂಟರ ಹತ್ತಿರ ಬೇಡ. ತತ್ವದ ಮಾತಲ್ಲ, ವ್ಯವಹಾರದ ಮಾತು. ಐನೂರು ರೂಪಾಯಿ ತೆಗೆದುಕೊಂಡರೆ ಐನೂರು ಸಲ ಫೋನ್ ಮಾಡುತ್ತಾರೆ, ಎದುರಿಗೆ ಸಿಕ್ಕಾಗಲೆಲ್ಲ ಆ ಮಾತು ಬರುತ್ತದೆ. ಅಲ್ಲದೆ ನಮ್ಮ ಸಂಸಾರಗಳಲ್ಲಿ ಲೆಕ್ಕ ಬೇರೆ ಕಡೆ ಸರಿಹೋಗುತ್ತಿರುತ್ತದೆ. ಲಾಯರ್ ಆಗಿರುವ ಭಾವ ನಿಮ್ಮ ಸೈಟಿನ ಕಾಗದಪತ್ರ ನೋಡಿಕೊಡುತ್ತಾರೆ. ಚಿಕ್ಕಮ್ಮನ ಮನೆಯಿಂದ ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಬರುತ್ತದೆ. ಅದಕ್ಕೆ ಬಿಲ್ ಬಂದಿದೆಯಾ? ಪರಿಚಯದವರ ಅಂಗಡಿಗೆ ವೆಬ್‌ಸೈಟ್ ಮಾಡುವಂಥ ಕೆಲಸ ಆದರೆ ಲೆಕ್ಕ ಬೇರೆ. ಅಲ್ಲಿ ಮೊದಲೇ ರೇಟ್ ಹೇಳಿ. ಅದಕ್ಕೂ ಮುಂಚೆ ನಿಮ್ಮ ನೇಮಕಾತಿ ಪತ್ರ ಓದಿ. ಹೊರಗಿನ ಸಂಬಳದ ಕೆಲಸ ಮಾಡಬಾರದು ಅನ್ನುವ ಷರತ್ತು ಬಹಳ ಕಂಪನಿಗಳಲ್ಲಿ ಇದೆ. 2022ರಲ್ಲಿ ಮೂನ್‌ಲೈಟಿಂಗ್, ಅಂದರೆ ಕೆಲಸದಲ್ಲಿದ್ದುಕೊಂಡೇ ಹೊರಗೆ ಇನ್ನೊಂದು ಕೆಲಸ, ಅಂತ ಎಷ್ಟು ಗಲಾಟೆ ಆಯಿತು, ನೆನಪಿದೆ ಅಲ್ವಾ?

ಇನ್ನು ಅಮ್ಮನ ಗೆಳತಿಯರ ಫೋನು. ಇಲ್ಲಿ ನಾವು ನಿಮ್ಮ ಪಕ್ಷ ಬಿಡುತ್ತೇವೆ. ಇದನ್ನು ಅಂಗಡಿಗೆ ಕಳಿಸಬೇಡಿ.

ಆ ಆಂಟಿಯ ಫೋನಿನಲ್ಲಿ ಗಂಟೆಗೊಂದು ಸಲ 'ನಿಮ್ಮ ಫೋನಿನಲ್ಲಿ ವೈರಸ್ ಇದೆ, ಇಲ್ಲಿ ಒತ್ತಿ' ಅಂತ ಬರುತ್ತದೆ, ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಬರೆದಿದ್ದೀರಿ. ಅದು ಬಹುತೇಕ ಯಾವುದೋ ಸೈಟಿನಲ್ಲಿ 'ಅಲೌ' ಒತ್ತಿದ್ದರ ಫಲ. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟಿನ ನೋಟಿಫಿಕೇಶನ್ ನಿಲ್ಲಿಸಿದರೆ ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷಕ್ಕೆ ಅವರು ಯಾರೋ ಗೊತ್ತಿಲ್ಲದವರ ಕೈಗೆ ಫೋನ್ ಕೊಟ್ಟರೆ, ಅದರಲ್ಲಿ ಯುಪಿಐ ಇದೆ, ಬ್ಯಾಂಕಿನ ಮೆಸೇಜ್ ಇದೆ, ಆಧಾರ್ ಫೋಟೋ ಇದೆ. ನವೆಂಬರ್‌ನಲ್ಲಿ ಪಿಂಚಣಿಯ ಜೀವನ ಪ್ರಮಾಣ ಪತ್ರವೂ ಹಾಗೆಯೇ. ಈಗ ಮುಖ ತೋರಿಸಿ ಫೋನಿನಲ್ಲೇ ಮುಗಿಸಬಹುದು, ಜೀವನ್ ಪ್ರಮಾಣ್ ಆ್ಯಪ್ ಜೊತೆ ಆಧಾರ್ ಫೇಸ್ ಆರ್‌ಡಿ ಆ್ಯಪ್ ಇದ್ದರೆ ಸಾಕು. ಎಪ್ಪತ್ತೈದರ ಅಜ್ಜಿಯನ್ನು ಬ್ಯಾಂಕಿನ ಕ್ಯೂನಲ್ಲಿ ನಿಲ್ಲಿಸುವ ಬದಲು ನಿಮ್ಮ ಮೊಬೈಲಿನಲ್ಲೇ ಮಾಡಿಕೊಡಿ. ಸರ್ಕಾರಿ ಅರ್ಜಿಗಳು ಬೇರೆ ಬಗೆ. ಬಹಳಷ್ಟು ಬೆಂಗಳೂರು ಒನ್ ಸೇವಾ ಕೇಂದ್ರದಲ್ಲಿ ಆಗುತ್ತವೆ, ಅಲ್ಲಿಗೆ ದಾರಿ ತೋರಿಸಿ.

ಒಂದು ಅಭ್ಯಾಸ ಮಾತ್ರ ಇವತ್ತೇ ಬಿಡಿ. ಬೆಳ್ಳಂದೂರಿನಿಂದ ಬರಲು ಆಗುವುದಿಲ್ಲ ಅಂತ ಫೋನಿನಲ್ಲೇ, "ಆಂಟಿ, ಎನಿಡೆಸ್ಕ್ ಹಾಕ್ಕೊಳಿ, ಒಂಬತ್ತು ಅಂಕಿ ಬರುತ್ತೆ, ನನಗೆ ಹೇಳಿ" ಅಂತ ಮಾಡಿಸುತ್ತೇನೆ ಎಂದು ಬರೆದಿದ್ದೀರಿ. ಆ ಆ್ಯಪ್ ಇದ್ದರೆ ಅವರ ಫೋನನ್ನು ದೂರದಿಂದಲೇ ನೋಡಿ ನಡೆಸಬಹುದು, ನಿಮಗೆ ಅನುಕೂಲ, ನಿಜ. ಆದರೆ ವಂಚಕರು ಆಡುವುದೂ ಇದೇ ಮಾತು, ಇದೇ ಧಾಟಿಯಲ್ಲಿ. ಈ ಆ್ಯಪ್ ಬಳಸಿ ಖಾತೆ ಬರಿದು ಮಾಡುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಫೋನಿನಲ್ಲಿ ಮಾತಾಡುವವರು ಹೇಳಿದ ಆ್ಯಪ್ ಹಾಕಿ ಅಂಕಿ ಓದಿ ಹೇಳುವುದು ಮಾಮೂಲು ಅಂತ ನೀವೇ ಅವರಿಗೆ ರೂಢಿ ಮಾಡಿಸಿದ ಹಾಗಾಯಿತು. ನಾಳೆ ಬ್ಯಾಂಕಿನವನು, ಪೊಲೀಸಿನವನು ಅಂತ ಯಾರೋ ಕೇಳಿದರೆ ಆಂಟಿಗೆ ಅನುಮಾನ ಬರುವುದಾದರೂ ಹೇಗೆ? ಭಾನುವಾರ ಮನೆಗೆ ಹೋಗಿಯೇ ಮಾಡಿಕೊಡಿ, ಕಾಫಿನೂ ಸಿಗುತ್ತದೆ.

ಮತ್ತೆ, ಅಂಥವರ ಫೋನ್ ಬಂದರೆ ಮೀಟಿಂಗ್‌ನಲ್ಲಿದ್ದರೂ ಎತ್ತಿಕೊಳ್ಳಿ. "ಡಿಜಿಟಲ್ ಅರೆಸ್ಟ್ ಅಂತಿದ್ದಾರಪ್ಪಾ", "ಮದುವೆ ಕಾರ್ಡ್ ಅಂತ ಏನೋ ಫೈಲ್ ಬಂದಿತ್ತು, ಒತ್ತಿಬಿಟ್ಟೆ" ಅಂತ ಅವರು ಮೊದಲು ಹೇಳುವುದು ನಿಮಗೆ. ಮಕ್ಕಳಿಗೆ ಹೇಳಲು ಹೆದರುತ್ತಾರೆ, ಬೈಯುತ್ತಾರೆ ಅಂತ. ಆ ಗಳಿಗೆಯಲ್ಲಿ ನೀವು "ಎಷ್ಟು ಸಲ ಹೇಳಿಲ್ಲ" ಅಂತ ಶುರುಮಾಡಿದರೆ ಮುಂದಿನ ಸಲ ಅವರು ನಿಮಗೂ ಹೇಳುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಆಮೇಲೆ ಬ್ಯಾಂಕಿಗೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಹಿಡಿಸಲು ಸಾಧ್ಯ ಇರುವುದು ಆ ಮೊದಲ ಗಂಟೆಗಳಲ್ಲೇ.

ಹೀಗೆ ವಿಂಗಡಿಸಿಕೊಂಡರೆ ನಿಮ್ಮ ಭಾನುವಾರ ಅರ್ಧಕ್ಕರ್ಧ ಉಳಿಯುತ್ತದೆ. ಉಳಿದರ್ಧ ಕದಿಯುತ್ತಿರುವುದು ಯಾರು ಅಂತ ಪತ್ರ ಓದಿದವರಿಗೆಲ್ಲ ಗೊತ್ತಾಗುತ್ತದೆ, ನಿಮಗೆ ಬಿಟ್ಟು. ನಿಮ್ಮ ಅಮ್ಮ! ದೇವಸ್ಥಾನದಲ್ಲಿ, ವಾಕಿಂಗ್‌ನಲ್ಲಿ, "ನಮ್ಮ ಹುಡುಗ ಮಾಡ್ಕೊಡ್ತಾನೆ ಬಿಡಿ" ಅಂತ ಬುಕಿಂಗ್ ತೆಗೆದುಕೊಂಡು ಬರುತ್ತಿರುವುದು ಅವರೇ. ಜಗಳ ಆಡಬೇಡಿ, ಅವರಿಗೆ ಅದೊಂದು ಹೆಮ್ಮೆ. ಆ ರಿಪೇರಿ ಅಂಗಡಿಯ ನಂಬರನ್ನು ಅವರ ಫೋನಿನಲ್ಲೂ ಸೇವ್ ಮಾಡಿ ಕೊಡಿ. "ನಮ್ಮ ಹುಡುಗ ಹೇಳಿದ ಅಂಗಡಿ" ಅಂತ ಅವರೇ ಹಂಚುತ್ತಾರೆ.

ಷಡ್ಡಕರ ಆ್ಯಪ್ ಉಳಿಯಿತು. ಐಡಿಯಾ ಅವರದು, ಕೋಡ್ ನಿಮ್ಮದು, ಲಾಭದಲ್ಲಿ ಪಾಲು ಕೊಡುತ್ತಾರಂತೆ. ಗೂಗಲ್ ಪ್ಲೇಯಲ್ಲಿ ಆ್ಯಪ್ ಹಾಕುವ ಖಾತೆ ತೆರೆಯಲು 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಸರ್ವರ್ ಬಿಲ್ ಪ್ರತಿ ತಿಂಗಳು. ಇದನ್ನೆಲ್ಲ ಯಾರು ಕಟ್ಟುತ್ತಾರೆ, ರಾತ್ರಿ ಹನ್ನೊಂದಕ್ಕೆ ಆ್ಯಪ್ ನಿಂತರೆ ಗಿರಾಕಿ ಯಾರಿಗೆ ಫೋನ್ ಮಾಡುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಲು ಹೇಳಿ. ಬರೆದು ತಂದರೆ ನಮಗೆ ಇನ್ನೊಂದು ಪತ್ರ ಹಾಕಿ.