ಆ ಕೋನ ನಡುವಿನದಲ್ಲ, ಬಾಕೋಬಾ ಇಲ್ಲಿ ಹೊಂದುವುದಿಲ್ಲ

ಸಮದ್ವಿಬಾಹು ತ್ರಿಭುಜದ ಶೃಂಗದಿಂದ ಪಾದದ ಮಧ್ಯಬಿಂದುವಿಗೆ ಎಳೆದ ರೇಖೆ ಪಾದಕ್ಕೆ ಲಂಬ ಅಂತ ತೋರಿಸಲು ನೀವು ಇಲ್ಲಿ ಹಾಕಿದ ಸಾಧನೆಯಲ್ಲಿ ಎಡವಟ್ಟಾಗಿದೆ. ಮೇಲಿನ ಉತ್ತರಗಳಲ್ಲಿ ಇಬ್ಬರು ‘ಸರಿಯಾಗಿದೆ’ ಅಂದಿದ್ದಾರಲ್ಲ, ಅವರು ಚಿತ್ರ ನೋಡಿದ್ದಾರೆ, ಸಾಲು ಓದಿಲ್ಲ.

ದತ್ತ (ಲೆಕ್ಕದಲ್ಲಿ ಕೊಟ್ಟದ್ದು): △ಪಿಕ್ಯೂಆರ್‌ನಲ್ಲಿ ಪಿಕ್ಯೂ = ಪಿಆರ್, ಎಂ ಅನ್ನುವುದು ಕ್ಯೂಆರ್‌ನ ಮಧ್ಯಬಿಂದು. ಪಿಎಂ ಪಾದಕ್ಕೆ (ಕ್ಯೂಆರ್‌ಗೆ) ಲಂಬ ಅಂತ ತೋರಿಸಬೇಕು. ನೀವು ಬರೆದದ್ದು: ಪಿಕ್ಯೂ = ಪಿಆರ್, ∠ಕ್ಯೂ = ∠ಆರ್, ಪಿಎಂ ಉಭಯಸಾಮಾನ್ಯ (ಎರಡೂ ತ್ರಿಭುಜಗಳಿಗೆ ಸೇರಿದ ಬಾಹು), ಆದ್ದರಿಂದ ಬಾಕೋಬಾ (ಬಾಹು-ಕೋನ-ಬಾಹು: ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಸಮವಾದರೆ ತ್ರಿಭುಜಗಳು ಸರ್ವಸಮ). ಅಲ್ರೀ, ∠ಕ್ಯೂ ಇರುವುದು ಪಿಕ್ಯೂ ಮತ್ತು ಕ್ಯೂಎಂ ನಡುವೆ. ಪಿಎಂ ಅದರ ಎದುರಿನ ಬಾಹು. ಇದು ಬಾಬಾಕೋ (ಬಾಹು-ಬಾಹು-ಕೋನ), ಅಂಥ ನಿಯಮವೇ ಇಲ್ಲ.

‘ಉತ್ತರ ಸರಿ ಬಂತಲ್ಲ’ ಅನ್ನಬೇಡಿ. ಒಂದು ಕೆಲಸ ಮಾಡಿ. ಪಿಕ್ಯೂ, ಪಿಆರ್ ಎರಡನ್ನೂ 5 ಸೆಂ.ಮೀ., ಕ್ಯೂಆರ್ 6 ಸೆಂ.ಮೀ. ಇಟ್ಟು ಚಿತ್ರ ಬರೆಯಿರಿ. ಎಂ ಅನ್ನು ಮಧ್ಯದಿಂದ ಕಿತ್ತು ಕ್ಯೂನಿಂದ 1 ಸೆಂ.ಮೀ. ದೂರದಲ್ಲಿಡಿ. ಈಗ ನಿಮ್ಮ ಮೂರು ಸಾಲು ಮತ್ತೆ ಓದಿ. ಮೂರೂ ಈಗಲೂ ನಿಜ! ಬಾಹುಗಳು ಹಾಗೇ ಇವೆ, ಕೋನಗಳು ಹಾಗೇ ಇವೆ, ಪಿಎಂ ಈಗಲೂ ಉಭಯಸಾಮಾನ್ಯ. ಹಾಗಿದ್ದರೆ ತ್ರಿಭುಜಗಳು ಸರ್ವಸಮವಾಗಿ, ಕ್ಯೂಎಂ = ಎಂಆರ್, ಅಂದರೆ 1 = 5 ಆಗಬೇಕು. ಎಂ ಮಧ್ಯಬಿಂದು ಅನ್ನುವುದನ್ನು ನೀವು ಎಲ್ಲೂ ಬಳಸಿಯೇ ಇಲ್ಲ, ಅದಕ್ಕೇ ಹೀಗೆ.

ಸಾಧನೆ ತಿದ್ದುವಾಗ ನಾನು ಮೊದಲು ದತ್ತಗಳನ್ನು ಬದಿಗೆ ಬರೆದುಕೊಳ್ಳುತ್ತೇನೆ. ಬಳಕೆಯಾದ ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಗೀಟು. ಗೀಟು ಬೀಳದೆ ಉಳಿದದ್ದು ಇದ್ದರೆ ಅನುಮಾನ ಅಲ್ಲಿಂದಲೇ ಶುರು. ಕೆಲವು ಲೆಕ್ಕಗಳಲ್ಲಿ ಬೇಕಂತಲೇ ಜಾಸ್ತಿ ದತ್ತ ಕೊಟ್ಟಿರುತ್ತಾರೆ, ಅದು ಬೇರೆ. ಎಲ್ಲದಕ್ಕೂ ಗೀಟು ಬಿತ್ತು ಅಂದಮಾತ್ರಕ್ಕೆ ಸಾಧನೆ ಸರಿ ಅಂತಲೂ ಅಲ್ಲ.

ಇಲ್ಲಿ ತಿದ್ದುವುದು ಸುಲಭ. ಕೋನ ತೆಗೆದು ಕ್ಯೂಎಂ = ಎಂಆರ್ ಹಾಕಿ, ಬಾಬಾಬಾ (ಬಾಹು-ಬಾಹು-ಬಾಹು, ಮೂರೂ ಬಾಹು ಸಮ) ಆಯಿತು. ಕೋನ ಇಟ್ಟುಕೊಂಡು ಪಿಎಂ ಬಿಟ್ಟು ಕ್ಯೂಎಂ = ಎಂಆರ್ ತಂದರೂ ಬಾಕೋಬಾ ಬರುತ್ತದೆ. ಆದರೆ ಆ ಕೋನಗಳ ಸಮತೆಯೇ ಒಂದು ಪ್ರಮೇಯ. ಅದನ್ನೇ ಸಾಧಿಸುವ ಲೆಕ್ಕದಲ್ಲಿ ಅದನ್ನೇ ಕಾರಣವಾಗಿ ಕೊಡುವವರನ್ನು ನೋಡಿ ನೋಡಿ ಸಾಕಾಗಿದೆ, ಹಾಗಾಗಿ ನನ್ನ ಓಟು ಬಾಬಾಬಾಗೆ. ಆಮೇಲೆ ∠ಪಿಎಂಕ್ಯೂ = ∠ಪಿಎಂಆರ್, ಎರಡೂ ಸರಳಯುಗ್ಮ (ಒಂದೇ ಸರಳರೇಖೆಯ ಮೇಲೆ ಕೂಡಿ 180°), ಆದ್ದರಿಂದ ತಲಾ 90°. ನೀವು ಈ ಸಾಲನ್ನೂ ಹಾರಿಸಿದ್ದೀರಿ.

ಬಾಬಾಕೋ ಯಾವತ್ತೂ ಹೊಂದುವುದಿಲ್ಲ ಅಂತಲ್ಲ. ಕೊಟ್ಟ ಕೋನ ಲಂಬವಾದರೆ ಅದೇ ಲಂವಿಬಾ (ಲಂಬಕೋನ-ವಿಕರ್ಣ-ಬಾಹು). ವಿಶಾಲಕೋನವಾದರೂ ನಡೆಯುತ್ತದೆ. ಲಘುಕೋನವಾಗಿ, ಎದುರಿನ ಬಾಹು ಇನ್ನೊಂದಕ್ಕಿಂತ ಚಿಕ್ಕದಾದಾಗಲೇ ತೊಂದರೆ. ಪಿ ಮೇಲೆ ಕೈವಾರ ಊರಿ ಎಂ ಜರುಗಿಸಿದಾಗಿನ ನಮ್ಮ ಓರೆ ಪಿಎಂ ಅಳತೆಯ ಕಂಸ ಎಳೆಯಿರಿ, ಪಾದವನ್ನು ಎರಡು ಕಡೆ ಕತ್ತರಿಸುತ್ತದೆ.

ಇನ್ನು ನೀವು ಬರೆದ ಆ △ಪಿಕ್ಯೂಎಂ ≅ △ಎಂಪಿಆರ್. ಶೃಂಗಗಳ ಕ್ರಮ ಸುಮ್ನೆ ಹೇಗೆಂದರೆ ಹಾಗೆ ಬರೆಯುವುದಲ್ಲ. ನಿಮ್ಮ ಕ್ರಮ ಓದಿದರೆ ಪಿಕ್ಯೂ = ಎಂಪಿ ಅಂತಾಗುತ್ತದೆ! △ಪಿಕ್ಯೂಎಂ ≅ △ಪಿಆರ್‌ಎಂ ಅಂತ ಬರೆಯಿರಿ, ಅನುರೂಪ ಭಾಗಗಳು ತಾವಾಗಿಯೇ ಸಿಗುತ್ತವೆ.

ಬಿಂದು ಜರುಗಿಸಿ ನೋಡಲು ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶ ಚೆನ್ನಾಗಿದೆ, ಉಚಿತವೂ ಹೌದು. ಆದರೆ ಅದರ ಅಳತೆಯನ್ನು ಸಾಧನೆಗೆ ಕಾರಣ ಅಂತ ಬರೆಯಬೇಡಿ. ಸಾಮಾನ್ಯವಾಗಿ 2 ದಶಮಾಂಶ ಸ್ಥಾನವಷ್ಟೇ ತೋರಿಸುತ್ತದೆ, 3.001 ಮತ್ತು 3.004 ಎರಡೂ 3 ಅಂತಲೇ ಕಾಣುತ್ತವೆ. ಫೋಟೋ ಹಾಕಿದರೆ ಉತ್ತರ ಕೊಡುವ ಆ್ಯಪ್‌ಗಳ ಮೇಲಂತೂ ನನಗೆ ನಂಬಿಕೆಯಿಲ್ಲ. ಕಾರಣದ ಜಾಗದಲ್ಲಿ ಬಾಕೋಬಾ ಅಂತ ಬಂದರೆ, ಕೋನ ನಡುವಿನದೇ ಅಂತ ನೀವೇ ಬೆರಳಿಟ್ಟು ನೋಡಿಕೊಳ್ಳಿ.

ಅಂದಹಾಗೆ ∠ಕ್ಯೂ = ∠ಆರ್ ಸಾಧಿಸಲು ಪಿಎಂ ಎಳೆಯುವುದೇ ಬೇಡ. ಪ್ರಾಚೀನ ಗ್ರೀಕ್ ಗಣಿತಜ್ಞ ಅಲೆಕ್ಸಾಂಡ್ರಿಯಾದ ಪ್ಯಾಪಸ್‌ನದು ಅಂತ ಹೇಳುವ ಒಂದು ದಾರಿ ಇದೆ: △ಪಿಕ್ಯೂಆರ್ ಅನ್ನು △ಪಿಆರ್‌ಕ್ಯೂ (ಅಂದರೆ ಅದನ್ನೇ ಮಗುಚಿದ್ದರ) ಜೊತೆ ಹೋಲಿಸಿ. ಪಿಕ್ಯೂ = ಪಿಆರ್, ∠ಪಿ ಎರಡರಲ್ಲೂ ಅದೇ, ಪಿಆರ್ = ಪಿಕ್ಯೂ. ಇಲ್ಲಿ ಕೋನ ನಿಜವಾಗಿಯೂ ನಡುವಿನದೇ.